ಉಸಿರಿನ ಮಷೀನಿಗೊಂದು ಗೂಡು

ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆಗೆ ಡಾಕ್ಟರು ಸಿಪ್ಯಾಪ್ ಮಷೀನು ಬರೆದುಕೊಟ್ಟ ಮೇಲೆ ಸಲಹೆಗಳಿಗೇನೂ ಬರ ಇರಲ್ಲ. ಗಾಳಿಯ ಒತ್ತಡ ಎಷ್ಟಿರಬೇಕು, ಮಾಸ್ಕು ಯಾವ ಅಳತೆಯದ್ದು, ಫಿಲ್ಟರು ಯಾವಾಗ ಬದಲಿಸಬೇಕು ಅಂತ ಎಲ್ಲ ಹೇಳಿಕೊಡುತ್ತಾರೆ. ಆದರೆ ಮಷೀನು ಮನೆಗೆ ಬಂದ ದಿನ ರಾತ್ರಿ ಹತ್ತು ಗಂಟೆಗೆ ಎದುರಾಗುವ ಪ್ರಶ್ನೆಗೆ ಯಾರ ಹತ್ತಿರವೂ ಉತ್ತರ ಇರಲ್ಲ: ಇದನ್ನ ಎಲ್ಲಿಡೋದು?

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ವಯಸ್ಸು ಮೂವತ್ತು. ಒಂದೂವರೆ ವರ್ಷದಿಂದ ಪ್ರತಿ ರಾತ್ರಿ ಮೂಗಿಗೆ ಮಾಸ್ಕು ಕಟ್ಟಿಕೊಂಡು ಮಲಗುತ್ತೇನೆ. ಈ ಬರಹ ಆ ಮಷೀನಿಗಾಗಿ ನಾವು ಮಾಡಿಸಿದ ಒಂದು ಪುಟ್ಟ ಮರದ ಸಾಮಾನಿನ ಬಗ್ಗೆ. ಕೇಳೋಕೆ ಸಣ್ಣ ವಿಷಯ. ಆದರೆ ಮಷೀನಿಗೆ ಸರಿಯಾದ ಜಾಗ ಇಲ್ಲದಿದ್ದರೆ ಮನುಷ್ಯ ನಿಧಾನಕ್ಕೆ ಅದನ್ನು ಹಾಕಿಕೊಳ್ಳೋದನ್ನೇ ಬಿಡುತ್ತಾನೆ. ಬೀರುವಿನ ಮೇಲೆ ಕೂತ ಮಷೀನು ಯಾರ ಉಸಿರನ್ನೂ ಕಾಯಲ್ಲ.

ಗೊರಕೆ ನಿಂತಾಗ ಶುರುವಾಗುವ ಭಯ

ನಮ್ಮಲ್ಲಿ ಗೊರಕೆ ಅಂದರೆ ತಮಾಷೆ. ಮದುವೆ ಛತ್ರದಲ್ಲೋ ರಾತ್ರಿ ಬಸ್ಸಿನಲ್ಲೋ ಯಾರಾದರೂ ಜೋರಾಗಿ ಗೊರಕೆ ಹೊಡೆದರೆ ಕುಂಭಕರ್ಣ ಅಂತ ಹೆಸರಿಟ್ಟು ನಗುತ್ತೇವೆ. ‘ಪುಣ್ಯಾತ್ಮ, ಎಂಥಾ ನಿದ್ದೆ’ ಅಂತ ಹೊಟ್ಟೆಕಿಚ್ಚೂ ಪಡುತ್ತೇವೆ. ನನ್ನ ಹೆಂಡತಿ ಮಾತ್ರ ಮದುವೆಯಾದ ಎರಡನೇ ತಿಂಗಳಲ್ಲೇ ಬೇರೆ ಮಾತು ಹೇಳಿದಳು. ‘ನಿನ್ನ ಗೊರಕೆಗೆ ನಾನು ಹೊಂದಿಕೊಂಡಿದೀನಿ. ಅದು ನಿಲ್ಲುತ್ತಲ್ಲ, ಆಗ ನಂಗೆ ಭಯ ಆಗೋದು.’ ಅವಳು ಫೋನಿನಲ್ಲಿ ರೆಕಾರ್ಡ್ ಮಾಡಿದ್ದನ್ನು ಕೇಳಿಸಿಕೊಂಡೆ. ಗೊರಕೆ, ಆಮೇಲೆ ಏನೂ ಇಲ್ಲ, ಆಮೇಲೆ ನೀರಿನಿಂದ ಮೇಲೆ ಬಂದವನ ಹಾಗೆ ಒಂದು ದೊಡ್ಡ ಉಸಿರು. ಅದೇ ವಾರ ಇಬ್ಬರೂ ಡಾಕ್ಟರ ಹತ್ತಿರ ಹೋದೆವು.

ನಡೆಯುವುದು ಇಷ್ಟು. ನಿದ್ದೆ ಹತ್ತಿದಾಗ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಕೆಲವರಲ್ಲಿ ಅವು ಎಷ್ಟು ಸಡಿಲವಾಗುತ್ತವೆ ಅಂದರೆ ಗಾಳಿಯ ದಾರಿಯೇ ಮುಚ್ಚಿಹೋಗುತ್ತದೆ. ಎದೆ ಉಸಿರೆಳೆಯಲು ಒದ್ದಾಡುತ್ತೆ, ಗಾಳಿ ಒಳಗೆ ಹೋಗಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಗಾಬರಿಯಾಗಿ ಅರೆ ಎಚ್ಚರ ಮಾಡಿಸುತ್ತದೆ, ದಾರಿ ತೆರೆಯುತ್ತದೆ. ಬೆಳಗ್ಗೆ ಇದ್ಯಾವುದೂ ನೆನಪಿರಲ್ಲ. ತಲೆ ಭಾರ, ಬಾಯಿ ಒಣಗಿರುವುದು, ಮಧ್ಯಾಹ್ನದ ಮೀಟಿಂಗಿನಲ್ಲಿ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುವುದು, ಇವೇ ಉಳಿಯುವ ಗುರುತುಗಳು. ಇದಕ್ಕೆ ಅಬ್‌ಸ್ಟ್ರಕ್ಟಿವ್ ಸ್ಲೀಪ್ ಅಪ್ನಿಯಾ ಅಂತ ಹೆಸರು.

ಹತ್ತು ಸೆಕೆಂಡ್ ಅಥವಾ ಹೆಚ್ಚು ಹೊತ್ತು ಉಸಿರು ನಿಂತರೆ ಅದನ್ನು ಒಂದು ಸಲ ಅಂತ ಲೆಕ್ಕ ಹಾಕುತ್ತಾರೆ. ಉಸಿರು ಪೂರ್ತಿ ನಿಲ್ಲದೆ ತೀರಾ ಕಡಿಮೆಯಾದ ಸಲಗಳನ್ನೂ ಸೇರಿಸಿ, ಗಂಟೆಗೆ ಸರಾಸರಿ ಎಷ್ಟು ಅಂತ ನೋಡುತ್ತಾರೆ. 5ರಿಂದ 15 ಇದ್ದರೆ ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ಒಂದು ರಾತ್ರಿ ತಲೆ, ಎದೆ, ಬೆರಳಿಗೆಲ್ಲ ವೈರು ಅಂಟಿಸಿಕೊಂಡು ಮಲಗಿ ಮಾಡಿಸಿದ ಪರೀಕ್ಷೆಯಲ್ಲಿ ನನ್ನ ಸಂಖ್ಯೆ 34 ಬಂತು. ಆಮ್ಲಜನಕ ಒಂದು ಹಂತದಲ್ಲಿ 81ಕ್ಕೆ ಇಳಿದಿತ್ತು. ಅಂದರೆ ಸರಿಸುಮಾರು ಎರಡು ನಿಮಿಷಕ್ಕೊಮ್ಮೆ ನನ್ನ ದೇಹ ಗಾಳಿಗಾಗಿ ಹೊಡೆದಾಡುತ್ತಿತ್ತು.

ಇದು ದಪ್ಪ ಇರುವವರಿಗೆ, ವಯಸ್ಸಾದವರಿಗೆ ಮಾತ್ರ ಬರುವಂಥದ್ದು ಅಂತ ಅನೇಕರು ಅಂದುಕೊಂಡಿದ್ದಾರೆ. ತೂಕ ಒಂದು ಮುಖ್ಯ ಕಾರಣ ಹೌದು. ಆದರೆ ದವಡೆಯ ಆಕಾರ, ಗಂಟಲಿನ ಅಗಲ, ಮನೆತನ ಇವೂ ಲೆಕ್ಕಕ್ಕೆ ಬರುತ್ತವೆ. ದೆಹಲಿಯ ಏಮ್ಸ್ ವೈದ್ಯರು ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿ 2023ರಲ್ಲಿ ಹಾಕಿದ ಅಂದಾಜಿನ ಪ್ರಕಾರ, ದೇಶದಲ್ಲಿ ದುಡಿಯುವ ವಯಸ್ಸಿನ ಸುಮಾರು 10.4 ಕೋಟಿ ಜನರಿಗೆ ಈ ತೊಂದರೆ ಇದೆ. 2022ರ ಫೆಬ್ರವರಿಯಲ್ಲಿ ಸಂಗೀತ ನಿರ್ದೇಶಕ ಬಪ್ಪಿ ಲಹಿರಿ ತೀರಿಕೊಂಡಾಗ ಅವರ ವೈದ್ಯರು ಹೇಳಿದ ಕಾರಣಗಳಲ್ಲಿ ಇದೂ ಒಂದು. ನಮ್ಮ ಮನೆಯಲ್ಲಿ ಈ ಕಾಯಿಲೆಯ ಹೆಸರನ್ನು ಮೊದಲು ಕೇಳಿದ್ದೇ ಆ ಸುದ್ದಿಯಲ್ಲಿ.

ಇದು ಆಕ್ಸಿಜನ್ ಸಿಲಿಂಡರ್ ಅಲ್ಲ

ಸಿಪ್ಯಾಪ್ ಮಷೀನು ಮಾಡುವ ಕೆಲಸ ಸರಳ. ಕೋಣೆಯ ಮಾಮೂಲಿ ಗಾಳಿಯನ್ನೇ ಎಳೆದುಕೊಂಡು, ಸೋಸಿ, ಸ್ವಲ್ಪ ಒತ್ತಡದಲ್ಲಿ ಮಾಸ್ಕಿನ ಮೂಲಕ ಕೊಡುತ್ತದೆ. ಆ ಒತ್ತಡ ಗಂಟಲಿನ ದಾರಿ ಕುಸಿಯದ ಹಾಗೆ ಒಳಗಿನಿಂದ ಹಿಡಿದಿಡುತ್ತದೆ. ಸೈಕಲ್ ಟ್ಯೂಬಿಗೆ ಗಾಳಿ ಇದ್ದರೆ ಅದು ಚಪ್ಪಟೆಯಾಗಲ್ಲವಲ್ಲ, ಹಾಗೆ.

ಇದನ್ನು ಕಂಡುಹಿಡಿದವರು ಆಸ್ಟ್ರೇಲಿಯಾದ ಸಿಡ್ನಿಯ ವೈದ್ಯ ಕಾಲಿನ್ ಸಲ್ಲಿವನ್. 1980ರಲ್ಲಿ ಅವರು ವ್ಯಾಕ್ಯೂಮ್ ಕ್ಲೀನರಿನ ಮೋಟರನ್ನು ತಿರುಗುಮುರುಗು ಬಳಸಿ ರೋಗಿಯ ಮೂಗಿಗೆ ಗಾಳಿ ಊದಿದರು. 1981ರಲ್ಲಿ ಅದರ ವರದಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಅದಕ್ಕೂ ಮುಂಚೆ ತೀವ್ರ ಅಪ್ನಿಯಾ ಇದ್ದವರಿಗೆ ಇದ್ದ ದೊಡ್ಡ ಚಿಕಿತ್ಸೆ ಅಂದರೆ ಕುತ್ತಿಗೆಯಲ್ಲಿ ತೂತು ಮಾಡಿ ಉಸಿರಿಗೆ ದಾರಿ ಕೊಡುವುದು. ಅದನ್ನು ನೆನೆದರೆ ಮೂಗಿನ ಮೇಲಿನ ಮಾಸ್ಕು ಎಷ್ಟೋ ವಾಸಿ ಅನ್ನಿಸುತ್ತದೆ.

ಮಷೀನು ಬಂದ ಮೊದಲ ವಾರವೇ ನನ್ನ ಹಗಲು ಬದಲಾಯಿತು. ಮಧ್ಯಾಹ್ನ ಮೂರು ಗಂಟೆಗೆ ಕೋಡ್ ಓದಿದರೆ ತಲೆಗೆ ಹೋಗುತ್ತಿತ್ತು. ಕಷ್ಟ ಇದ್ದದ್ದು ರಾತ್ರಿಯಲ್ಲಿ.

ಪ್ಲಾಸ್ಟಿಕ್ ಸ್ಟೂಲಿನ ಮೂರು ತಿಂಗಳು

ನಮ್ಮದು ಬಾಡಿಗೆ ಮನೆ. ಮಲಗುವ ಕೋಣೆ ಹತ್ತಡಿಗೆ ಹನ್ನೊಂದಡಿ. ಮಂಚ, ವಾರ್ಡ್‌ರೋಬು ಕಳೆದರೆ ನಾನು ಮಲಗುವ ಕಡೆ ಗೋಡೆಗೂ ಮಂಚಕ್ಕೂ ನಡುವೆ ಉಳಿಯೋದು 20 ಇಂಚು. ಅಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲು ಇಟ್ಟು ಅದರ ಮೇಲೆ ಮಷೀನು ಕೂರಿಸಿದೆವು.

ಸ್ಟೂಲು ಹಾಸಿಗೆಗಿಂತ ಎತ್ತರ ಇತ್ತು. ಮಷೀನಿನಲ್ಲಿ ನೀರು ಬಿಸಿ ಮಾಡಿ ಗಾಳಿಗೆ ತೇವ ಸೇರಿಸುವ ಪುಟ್ಟ ಡಬ್ಬಿಯೊಂದಿದೆ. ಅದಿಲ್ಲದಿದ್ದರೆ ಮೂಗು, ಗಂಟಲು ಒಣಗುತ್ತವೆ. ಆ ಬೆಚ್ಚಗಿನ ಗಾಳಿ ತಣ್ಣನೆಯ ಪೈಪಿನಲ್ಲಿ ಹಾಯುವಾಗ ಹನಿಗಟ್ಟುತ್ತದೆ. ಮಷೀನು ತಲೆಗಿಂತ ಮೇಲಿದ್ದರೆ ಆ ನೀರು ಸೀದಾ ಮಾಸ್ಕಿಗೆ ಇಳಿಯುತ್ತದೆ. ಡಿಸೆಂಬರಿನ ಚಳಿಯಲ್ಲಿ ರಾತ್ರಿ ಎರಡು ಗಂಟೆಗೆ ಮೂಗಿಗೆ ತಣ್ಣೀರು ಚಿಮ್ಮಿದರೆ ಹೇಗಿರುತ್ತೆ, ನೀವೇ ಊಹಿಸಿ.

ಪೈಪು ಇನ್ನೊಂದು ತಲೆನೋವು. ಆರಡಿ ಉದ್ದದ ಪೈಪು ಮಗ್ಗುಲು ಬದಲಿಸಿದರೆ ಕೈಯಡಿ ಸಿಕ್ಕಿಕೊಳ್ಳುತ್ತಿತ್ತು, ಮಾಸ್ಕನ್ನು ಎಳೆಯುತ್ತಿತ್ತು. ಮಾಸ್ಕು ಜರುಗಿದರೆ ಗಾಳಿ ಸೋರಿ ಸುಯ್ ಅನ್ನುವ ಸದ್ದು, ಆ ಸದ್ದಿಗೆ ಹೆಂಡತಿಗೂ ಎಚ್ಚರ. ಒಂದು ರಾತ್ರಿ ಪೈಪಿನ ಎಳೆತಕ್ಕೆ ಮಷೀನೇ ಸ್ಟೂಲಿನಿಂದ ಜಾರಿ ನೆಲಕ್ಕೆ ಬಿತ್ತು. ಮಷೀನಿಗೆ ಏನೂ ಆಗಲಿಲ್ಲ. ಡಬ್ಬಿಯ ನೀರೆಲ್ಲ ಎಕ್ಸ್‌ಟೆನ್ಷನ್ ಬೋರ್ಡಿನ ಹತ್ತಿರ ಹರಿದಿತ್ತು. ಅವತ್ತು ಇಬ್ಬರಿಗೂ ಮತ್ತೆ ನಿದ್ದೆ ಬರಲಿಲ್ಲ. ಬೆಳಗ್ಗೆ ಅವಳು ಹೇಳಿದಳು, ‘ಇಷ್ಟು ದುಡ್ಡು ಕೊಟ್ಟು ತಂದಿದೀವಿ. ಅದಕ್ಕೊಂದು ಜಾಗ ಮಾಡೋಣ.’

ಅಂಗಡಿಯಲ್ಲಿ ಸಿಗುವ ಬೆಡ್‌ಸೈಡ್ ಟೇಬಲುಗಳನ್ನು ನೋಡಿದೆವು. ಎಲ್ಲವೂ ಲ್ಯಾಂಪು ಮತ್ತು ಪುಸ್ತಕ ಇಡೋಕೆ ಮಾಡಿದವು. ಮೇಲಿಟ್ಟರೆ ತಲೆಗಿಂತ ಎತ್ತರ, ಡ್ರಾಯರಿನೊಳಗೆ ಇಟ್ಟರೆ ಗಾಳಿಯಾಡಲ್ಲ.

ಮೊದಲು ಅಳತೆ, ಆಮೇಲೆ ಮರ

ಆಫೀಸಿನಲ್ಲಿ ಹೊಸ ಕೆಲಸ ಶುರು ಮಾಡುವ ಮುಂಚೆ ಬೇಕುಗಳ ಪಟ್ಟಿ ಬರೆಯುವ ಅಭ್ಯಾಸ. ಇಲ್ಲೂ ಅದನ್ನೇ ಮಾಡಿದೆ.

ಎತ್ತರ: ನಮ್ಮ ಹಾಸಿಗೆಯ ಮೇಲ್ಭಾಗ ನೆಲದಿಂದ 21 ಇಂಚು. ಮಷೀನು ಅದಕ್ಕಿಂತ ಚೆನ್ನಾಗಿ ಕೆಳಗಿರಬೇಕು, ಆದರೆ ನೆಲದ ದೂಳಿಗೆ ಹತ್ತಿರ ಇರಬಾರದು. 11 ಇಂಚಿಗೆ ನಿಲ್ಲಿಸಿದೆ.

ಗಾಳಿ: ಮಷೀನು ಹಿಂಬದಿಯಿಂದ ಗಾಳಿ ಎಳೆಯುತ್ತದೆ. ಆದ್ದರಿಂದ ಹಿಂದಿನ ಹಲಗೆಯೇ ಬೇಡ. ಕಿಟಕಿಯ ಪರದೆ ಹಾರಿ ಬಂದು ಮುಚ್ಚದ ಹಾಗೆ ಎರಡು ಅಡ್ಡಪಟ್ಟಿ ಸಾಕು.

ಜಾಗ: ನನ್ನ ಮಷೀನು ಸುಮಾರು 8 ಇಂಚು ಅಗಲ, 6 ಇಂಚು ಆಳ, 4.5 ಇಂಚು ಎತ್ತರ. ಬರೀ ಅಷ್ಟೇ ಅಳತೆಯ ಗೂಡು ಮಾಡಿಸಿದರೆ ಕೆಲಸ ಕೆಡುತ್ತದೆ. ಪೈಪು ಬಾಗೋಕೆ ಹಿಂದೆ 5 ಇಂಚು ಬೇಕು. ನೀರಿನ ಡಬ್ಬಿಯನ್ನು ಪಕ್ಕಕ್ಕೆ ಎಳೆಯಬೇಕು, ಅದಕ್ಕೂ 5 ಇಂಚು. ಅದಕ್ಕೇ ಮಷೀನನ್ನು ಹೊರಗೆ ಎಳೆಯುವ ಟ್ರೇ ಮೇಲೆ ಕೂರಿಸಬೇಕು ಅಂತ ತೀರ್ಮಾನಿಸಿದೆ, ಅಡುಗೆಮನೆಯ ಡ್ರಾಯರಿನ ಹಾಗೆ.

ಪೈಪು: ಮಷೀನಿನ ಹಿಂಬದಿಯಿಂದ ಟೇಬಲಿನ ಮೇಲ್ಭಾಗಕ್ಕೆ 12 ಇಂಚು, ಅಲ್ಲಿಂದ ತಲೆಯ ಮೇಲಿನ ಗೂಟಕ್ಕೆ 18, ಗೂಟದಿಂದ ಮೂಗಿಗೆ 20. ಒಟ್ಟು 50. ಪೈಪು 72 ಇಂಚು. ಮಗ್ಗುಲು ತಿರುಗೋಕೆ, ಟ್ರೇ ಎಳೆಯೋಕೆ 22 ಇಂಚು ಉಳಿಯುತ್ತದೆ. ಟ್ರೇ ಹೊರಗೆ ಬರೋದು 14 ಇಂಚು. ಲೆಕ್ಕ ಕೂಡಿತು.

ಕರೆಂಟು: ಅಡಾಪ್ಟರು ಬಿಸಿಯಾಗುತ್ತದೆ. ಅದು ನೀರಿನ ಡಬ್ಬಿಗಿಂತ ಮೇಲೆ, ಗಾಳಿಯಾಡುವ ಕಡೆ ಇರಬೇಕು. ಪ್ಲಗ್ಗು ನೆಲದ ಮೇಲೆ ಇರಲೇಬಾರದು.

ಮತ್ತೊಂದು: ಮನೆ ಓನರ್ ಗೋಡೆಗೆ ಒಂದು ಮೊಳೆ ಹೊಡೆಯೋಕೂ ಬಿಡಲ್ಲ. ಎಲ್ಲವೂ ತನ್ನ ಕಾಲ ಮೇಲೆ ನಿಲ್ಲಬೇಕು.

ಮರಕ್ಕೆ ಕೈ ಹಾಕುವ ಮುಂಚೆ ಆನ್‌ಲೈನ್ ಆರ್ಡರುಗಳ ರಟ್ಟಿನ ಡಬ್ಬಗಳನ್ನು ಕತ್ತರಿಸಿ, ಟೇಪು ಅಂಟಿಸಿ ಅದೇ ಅಳತೆಯ ಮಾದರಿ ಮಾಡಿದೆವು. ಭಾರಕ್ಕೆ ಕೆಳಗೆ ಹಳೇ ಪುಸ್ತಕಗಳು. ಗೂಟದ ಬದಲು ಕಿಟಕಿ ಸರಳಿಗೆ ಕಟ್ಟಿದ ಹಗ್ಗ. ನಾಲ್ಕು ರಾತ್ರಿ ಹಾಗೇ ಮಲಗಿ ನೋಡಿದೆ. ಯಾರಿಗಾದರೂ ಒಂದೇ ಒಂದು ಸಲಹೆ ಕೊಡು ಅಂದರೆ ನಾನು ಇದನ್ನೇ ಕೊಡುತ್ತೇನೆ. ರಟ್ಟಿಗೆ ದುಡ್ಡಿಲ್ಲ, ಪ್ಲೈವುಡ್ಡಿಗೆ ಇದೆ.

ಆಚಾರ್ರು ಸೇರಿಸಿದ ಎರಡು ಬುದ್ಧಿ

ಮಾಡಿಕೊಟ್ಟವರು ನಮ್ಮೂರಿನ ಕಡೆಯ ಆಚಾರ್ರು. ಅಪ್ಪನ ಪರಿಚಯ. ಈಗ ಬೆಂಗಳೂರಲ್ಲೇ ಕೆಲಸ. ನನ್ನ ಡ್ರಾಯಿಂಗನ್ನು ಫೋನಿನಲ್ಲಿ ಹಿಗ್ಗಿಸಿ ನೋಡಿ, ಮಷೀನನ್ನು ಕೈಯಲ್ಲಿ ಎತ್ತಿ ತೂಗಿ, ‘ಇದು ಏನ್ ಮಾಡ್ತದಪ್ಪ?’ ಅಂದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸರಿ ಹಂಗಾರೆ, ಇದು ಟೇಬಲ್ ಅಲ್ಲ. ದೀಪದ ಗೂಡಿದ್ದಂಗೆ. ಆರಬಾರದು, ಅಷ್ಟೇ ತಾನೆ?’ ಅಂದರು. ಹಳೇ ಮನೆಗಳ ಗೋಡೆಯಲ್ಲಿ ದೀಪ ಇಡೋಕೆ ಗೂಡು ಇರುತ್ತಿತ್ತಲ್ಲ, ಗಾಳಿಗೆ ದೀಪ ಆರದ ಹಾಗೆ. ಅವತ್ತಿನಿಂದ ನಮ್ಮ ಮನೆಯಲ್ಲಿ ಇದರ ಹೆಸರು ಗೂಡು.

ಅವರು ನನ್ನ ಡ್ರಾಯಿಂಗಿನಲ್ಲಿ ಎರಡು ಬದಲಾವಣೆ ಮಾಡಿದರು. ಪೈಪು ಹೊರಬರೋಕೆ ನಾನು ಮೇಲಿನ ಹಲಗೆಯಲ್ಲಿ ದುಂಡನೆಯ ತೂತು ಬರೆದಿದ್ದೆ. ‘ಪೈಪು ತೊಳೀಬೇಕಲ್ವ? ದಿನಾ ತೂತಿನಿಂದ ಎಳೀತೀಯಾ?’ ಅಂತ ಕೇಳಿ, ಹಲಗೆಯ ಹಿಂದಿನ ಅಂಚಿನಲ್ಲಿ ಲಾಳದ ಆಕಾರದ ಕಚ್ಚು ಕೊಟ್ಟರು. ಪೈಪನ್ನು ಎತ್ತಿದರೆ ಸಾಕು, ಈಚೆ ಬರುತ್ತದೆ.

ಎರಡನೆಯದು ಗೂಟ. ನಾನು ಸ್ಟೀಲ್ ಕೊಕ್ಕೆ ಹೇಳಿದ್ದೆ. ಅವರು ಗೂಡಿನ ಹಿಂಬದಿಗೇ ಒಂದು ಕಂಬ ಜೋಡಿಸಿ, ನೆಲದಿಂದ 36 ಇಂಚು ಎತ್ತರಕ್ಕೆ ಹಲಸಿನ ಮರದ ಗೂಟ ಹಾಕಿದರು, ಹಳೇ ಮನೆಯಲ್ಲಿ ಅಂಗಿ ನೇತುಹಾಕುವಂಥದ್ದು. ಗೂಟದ ಮೇಲೆ ಹೆಬ್ಬೆರಳಿನಷ್ಟು ಅಗಲದ ತಗ್ಗು. ಪೈಪು ಅದರಲ್ಲಿ ಕೂರುತ್ತದೆ, ಮಡಚಿಕೊಳ್ಳಲ್ಲ, ನಾನು ಹೊರಳಿದರೆ ಜಾರುತ್ತದೆ.

ಸಾಮಾನಿನ ವಿವರ ಬೇಕಾದವರಿಗೆ: ತೇವದ ಕೆಲಸ ಆದ್ದರಿಂದ ನೀರು ತಡೆಯುವ ಬಿಡಬ್ಲ್ಯೂಪಿ ದರ್ಜೆಯ 18 ಮಿಲಿಮೀಟರ್ ಪ್ಲೈವುಡ್, ಒಳಗೂ ಹೊರಗೂ 1 ಮಿಲಿಮೀಟರ್ ಲ್ಯಾಮಿನೇಟ್. ಟ್ರೇಗೆ ಟೆಲಿಸ್ಕೋಪಿಕ್ ಚಾನೆಲ್, ಸುತ್ತ ಅರ್ಧ ಇಂಚಿನ ಅಂಚು. ನೀರು ಚೆಲ್ಲಿದರೂ ಅಲ್ಲೇ ನಿಲ್ಲುತ್ತದೆ. ಗೂಡಿನ ಅಗಲ 16 ಇಂಚು, ಆಳ 18, ಎತ್ತರ 23. ಮೇಲೆ ಫೋನು, ಕನ್ನಡಕ. ಅದರ ಕೆಳಗೆ ಮಾಸ್ಕಿಗೆ ಒಂದು ಡ್ರಾಯರು, ತಳದಲ್ಲಿ ಸಣ್ಣ ತೂತುಗಳು, ತೊಳೆದ ಮಾಸ್ಕು ಮುಗ್ಗದಿರಲಿ ಅಂತ. ನಡುವೆ ಮಷೀನು. ಕೆಳಗೆ ಡಿಸ್ಟಿಲ್ಡ್ ನೀರಿನ ಕ್ಯಾನು. ಮಾಮೂಲಿ ನೀರು ಹಾಕಿದರೆ ಬೆಂಗಳೂರಿನ ಬೋರ್‌ವೆಲ್ ಗಡಸಿಗೆ ಡಬ್ಬಿಯಲ್ಲಿ ಬಿಳಿ ಪದರ ಕಟ್ಟುತ್ತದೆ. ಮಷೀನಿನ ಅಡಿಗೆ ಹಳೇ ಯೋಗ ಮ್ಯಾಟಿನ ತುಂಡು. ಮೋಟರಿನ ಸಣ್ಣ ಅದುರು ಮರಕ್ಕೆ ಹತ್ತಿ ಗುಂಯ್‌ಗುಡದ ಹಾಗೆ ಅದು ನೋಡಿಕೊಳ್ಳುತ್ತದೆ.

ಕೆಲಸ ಮುಗಿದ ಮೇಲೆ ಗೂಡನ್ನು ಹತ್ತು ದಿನ ಬಾಲ್ಕನಿಯಲ್ಲಿ ಬಿಟ್ಟಿದ್ದೆವು. ಮಷೀನು ಸುತ್ತಲಿನ ಗಾಳಿಯನ್ನೇ ಎಳೆದು ಶ್ವಾಸಕೋಶಕ್ಕೆ ಕೊಡುತ್ತದೆ. ಹೊಸ ಅಂಟು, ಪಾಲಿಶಿನ ವಾಸನೆ ಇನ್ನೂ ಇರುವಾಗ ಅದರೊಳಗೆ ಮಷೀನು ಇಟ್ಟರೆ ರಾತ್ರಿಯಿಡೀ ಅದನ್ನೇ ಕುಡಿದ ಹಾಗೆ.

ಬಾಗಿಲು ಬೇಕಾ ಬೇಡವಾ

ಹೆಚ್ಚು ಚರ್ಚೆ ಆಗಿದ್ದು ಅಳತೆಯ ಬಗ್ಗೆ ಅಲ್ಲ, ಬಾಗಿಲಿನ ಬಗ್ಗೆ.

ಅಮ್ಮನಿಗೆ ಬಾಗಿಲು ಬೇಕಿತ್ತು. ಊರಿನಿಂದ ಬಂದಾಗಲೆಲ್ಲ ಮಷೀನಿನ ಮೇಲೆ ಒಂದು ಟವೆಲ್ಲು ಹೊದಿಸುತ್ತಿದ್ದರು. ‘ಯಾರಾದ್ರೂ ರೂಮಿಗೆ ಬಂದು ನೋಡಿದ್ರೆ ಏನಂದ್ಕೋತಾರೆ? ಈ ವಯಸ್ಸಿಗೇ ಆಕ್ಸಿಜನ್ ಹಾಕಿದಾರಂತೆ ಅಂತ ಊರೆಲ್ಲ ಹೇಳ್ತಾರೆ’ ಅನ್ನೋದು ಅವರ ಆತಂಕ. ಇದು ಆಕ್ಸಿಜನ್ ಅಲ್ಲಮ್ಮ, ಬರೀ ಗಾಳಿ ಅಂತ ಎಷ್ಟು ಹೇಳಿದರೂ ಆ ಆತಂಕ ಹೋಗಲಿಲ್ಲ. ಆಚಾರ್ರು ಮಧ್ಯದ ದಾರಿ ತೋರಿಸಿದರು. ಬೆತ್ತ ಹೆಣೆದ ಬಾಗಿಲು ಹಾಕೋಣ, ಗಾಳಿಯೂ ಆಡುತ್ತೆ, ಕಣ್ಣಿಗೂ ಕಾಣಲ್ಲ.

ಹೆಂಡತಿ ಒಪ್ಪಲಿಲ್ಲ. ‘ಅತ್ತೆ, ಇವರು ಕನ್ನಡಕ ಹಾಕ್ಕೋತಾರೆ. ಅದನ್ನ ಬಚ್ಚಿಡ್ತೀವಾ? ಇದೂ ಹಾಗೇ. ಬಾಗಿಲು ಹಾಕಿದ್ರೆ ಒಂದಿನ ತೆಗೆಯೋಕೆ ಬೇಜಾರಾಗುತ್ತೆ, ಆಮೇಲೆ ಮರೆತೇ ಹೋಗುತ್ತೆ.’ ಅಮ್ಮ ಏನೂ ಹೇಳದೆ ಅಡುಗೆಮನೆಗೆ ಹೋದರು.

ಗೂಡು ಬಾಗಿಲಿಲ್ಲದೆಯೇ ಮನೆಗೆ ಬಂತು. ಮುಂದಿನ ಸಲ ಬಂದಾಗ ಅಮ್ಮ ಚೀಲದಿಂದ ಒಂದು ಉದ್ದನೆಯ ಬಟ್ಟೆ ತೆಗೆದರು. ತಮ್ಮ ಹಳೇ ಕಾಟನ್ ಸೀರೆಯನ್ನು ಎರಡು ಪದರ ಮಾಡಿ ಹೊಲಿದ ಪೈಪಿನ ತೋಳು. ‘ಚಳೀಲಿ ಪೈಪು ತಣ್ಣಗಾದ್ರೆ ನೀರು ಕಟ್ಟುತ್ತೆ ಅಂದಿದ್ಯಲ್ಲ’ ಅಂದರು. ಗೂಟದಿಂದ ಮೂಗಿನವರೆಗಿನ ಪೈಪಿನಲ್ಲಿ ಹನಿ ಕಟ್ಟೋದು ನಿಂತಿದ್ದು ಆ ಸೀರೆಯಿಂದ. ಟವೆಲ್ಲು ಹೊದಿಸೋದನ್ನೂ ಅವರು ಬಿಟ್ಟರು. ಆದರೆ ಪೈಪನ್ನು ಹಪ್ಪಳದ ಹಾಗೆ ಬಿಸಿಲಿಗೆ ಹಾಕುವ ಅವರ ಆಸೆಯನ್ನು ಮಾತ್ರ ತಡೆಯಬೇಕಾಯಿತು. ಪೈಪು, ಮಾಸ್ಕುಗಳನ್ನು ಮೆದು ಸೋಪಿನ ನೀರಲ್ಲಿ ತೊಳೆದು ನೆರಳಲ್ಲೇ ಒಣಗಿಸಬೇಕು. ನೇರ ಬಿಸಿಲು, ಬ್ಲೀಚು ಎರಡೂ ಅವನ್ನು ಹಾಳು ಮಾಡುತ್ತವೆ.

ಖರ್ಚು ಎಷ್ಟಾಯಿತು

ಕೇಳುವವರು ಬಹಳ ಇರೋದರಿಂದ ಬರೆಯುತ್ತೇನೆ. ಎಂಟಡಿಗೆ ನಾಲ್ಕಡಿಯ ಒಂದು ಪ್ಲೈವುಡ್ ಹಲಗೆ ₹3,900. ಲ್ಯಾಮಿನೇಟ್ ₹1,400. ಚಾನೆಲ್, ಸ್ಕ್ರೂ, ಅಂಚುಪಟ್ಟಿ, ಅಂಟು ₹1,150. ಮೂರು ದಿನದ ಕೂಲಿ, ದಿನಕ್ಕೆ ₹1,400ರಂತೆ ₹4,200. ಸಾಗಾಟ ₹600. ಒಟ್ಟು ₹11,250. ಹಲಸಿನ ಗೂಟಕ್ಕೆ ಆಚಾರ್ರು ದುಡ್ಡು ತೆಗೆದುಕೊಳ್ಳಲಿಲ್ಲ.

ಗೂಡು ಬಂದ ಮೇಲೆ ಮಷೀನಿನ ಆ್ಯಪ್ ತೋರಿಸುವ ಬಳಕೆಯ ಸಮಯ ಬದಲಾಯಿತು. ಸ್ಟೂಲಿನ ದಿನಗಳಲ್ಲಿ ರಾತ್ರಿಗೆ ನಾಲ್ಕು ಗಂಟೆ ದಾಟುತ್ತಿರಲಿಲ್ಲ. ನಡುರಾತ್ರಿ ಕಿತ್ತು ಪಕ್ಕಕ್ಕಿಡುತ್ತಿದ್ದೆ. ಈಗ ಆರೂವರೆ, ಏಳು ಗಂಟೆ. ಗಂಟೆಗೆ 34 ಇದ್ದ ಸಂಖ್ಯೆ 3ರ ಆಸುಪಾಸಿನಲ್ಲಿದೆ. ಮಷೀನು ಅದೇ, ಒತ್ತಡ ಅದೇ. ಬದಲಾಗಿದ್ದು ಅದು ಕೂತಿರುವ ಜಾಗ.

ಉಳಿದರ್ಧ ಹಲಗೆ

ಗೂಡಿಗೆ ಬೇಕಾದದ್ದು ಹಲಗೆಯ ಅರ್ಧ. ಉಳಿದರ್ಧ ಬಾಲ್ಕನಿಯಲ್ಲಿ ನಿಂತಿತ್ತು. ಅದನ್ನು ನೋಡಿದಾಗಲೆಲ್ಲ ನನಗೆ ಅಪ್ಪನ ನೆನಪಾಗುತ್ತಿತ್ತು.

ಅಪ್ಪ ನಿವೃತ್ತ ಮೇಷ್ಟ್ರು. ತಿಪಟೂರಿನ ಹತ್ತಿರದ ಊರಲ್ಲಿ ಇದ್ದಾರೆ. ಅವರ ಗೊರಕೆ ನಮ್ಮ ನೆಂಟರಿಷ್ಟರಲ್ಲೆಲ್ಲ ಹೆಸರುವಾಸಿ. ಬಿಪಿಗೆ ಮೂರು ಥರದ ಮಾತ್ರೆ, ಆದರೂ ಹತೋಟಿಗೆ ಬರುತ್ತಿರಲಿಲ್ಲ. ಪೇಪರ್ ಓದುತ್ತಾ ಕೂತಲ್ಲೇ ನಿದ್ದೆ. ಅಪ್ನಿಯಾಗೂ ಹತೋಟಿಗೆ ಬಾರದ ಬಿಪಿಗೂ ನಂಟಿದೆ ಅಂತ ನನ್ನ ಡಾಕ್ಟರು ಹೇಳಿದ ದಿನವೇ ಅಪ್ಪನಿಗೆ ಫೋನ್ ಮಾಡಿದ್ದೆ. ‘ನಂಗೇನಾಗಿದೆಯೋ, ಕಲ್ಲಿನ ಮೇಲೆ ಮಲಗಿದ್ರೂ ನಿದ್ದೆ ಬರುತ್ತೆ’ ಅಂತ ನಕ್ಕುಬಿಟ್ಟಿದ್ದರು. ಆ ನಿದ್ದೆಯೇ ಕಾಯಿಲೆಯ ಗುರುತು ಅಂತ ಅವರಿಗೆ ಒಪ್ಪಿಸೋಕೆ ಏಳು ತಿಂಗಳು ಹಿಡಿಯಿತು. ಕೊನೆಗೆ ಮನೆಯಲ್ಲೇ ಮಾಡುವ ಸಣ್ಣ ಪರೀಕ್ಷೆಗೆ ಒಪ್ಪಿದರು. ಬಂದ ಸಂಖ್ಯೆ 46.

ಅವರಿಗೂ ಮಷೀನು ಬಂತು. ಉಳಿದ ಹಲಗೆ ಊರಿಗೆ ಹೋಯಿತು. ಅದೇ ಆಚಾರ್ರು ಹಬ್ಬಕ್ಕೆ ಊರಿಗೆ ಹೋದಾಗ ಅಪ್ಪನ ಅಳತೆಗೆ ಎರಡನೇ ಗೂಡು ಮಾಡಿದರು. ಅಲ್ಲಿ ಲೆಕ್ಕ ಬೇರೆ. ಅಪ್ಪನದು ತೇಗದ ತಗ್ಗಿನ ಮಂಚ, ಹತ್ತಿ ಹಾಸಿಗೆ ಸೇರಿ 16 ಇಂಚು. ಆದ್ದರಿಂದ ಟ್ರೇ 7 ಇಂಚಿಗೆ ಇಳಿಯಿತು. ನೆಲಕ್ಕೆ ಹತ್ತಿರ ಆಗಿದ್ದರಿಂದ ಇರುವೆ, ಜಿರಲೆಯ ಭಯ. ಹಿಂಬದಿಗೆ ಸೊಳ್ಳೆಪರದೆಯ ಜಾಲರಿ ಬಡಿದು, ಅದನ್ನು ವಾರಕ್ಕೊಮ್ಮೆ ಒರೆಸುವ ಕೆಲಸವನ್ನು ಅಮ್ಮ ವಹಿಸಿಕೊಂಡರು. ಹಗಲಲ್ಲಿ ಪೈಪಿನ ಬಾಯಿಗೆ ಒಂದು ಮುಚ್ಚಳ.

ಕರೆಂಟಿನ ಚಿಂತೆಯೂ ಅಲ್ಲಿ ಹೆಚ್ಚು. ಮಷೀನಿನ ಕರೆಂಟಿನ ಬಹುಪಾಲು ತಿನ್ನೋದು ನೀರು ಬಿಸಿ ಮಾಡುವ ಭಾಗ. ಅದನ್ನು ಆರಿಸಿದರೆ ಬ್ಯಾಟರಿ ತುಂಬಾ ಹೊತ್ತು ಬರುತ್ತದೆ. ಅಪ್ಪನ ಗೂಡಿನ ಕೆಳಗಿನ ಖಾನೆಯಲ್ಲಿ ನೀರಿನ ಕ್ಯಾನಿನ ಬದಲು ಬ್ಯಾಟರಿ ಕೂತಿದೆ. ನಡುವೆ ಕರೆಂಟು ಹೋದರೆ ಉಸಿರುಗಟ್ಟುತ್ತಾ ಅಂತ ಅಮ್ಮ ಕೇಳಿದ್ದರು. ಮೂಗು, ಬಾಯಿ ಎರಡನ್ನೂ ಮುಚ್ಚುವ ಮಾಸ್ಕುಗಳಲ್ಲಿ ಗಾಳಿ ನಿಂತ ಕೂಡಲೇ ತಾನಾಗಿ ತೆರೆದುಕೊಳ್ಳುವ ಕವಾಟ ಇರುತ್ತದೆ. ಮೂಗಿನ ಮಾಸ್ಕಾದರೆ ಬಾಯಿ ತೆರೆದೇ ಇರುತ್ತದೆ. ಅದನ್ನು ಮಷೀನು ಆರಿಸಿ ತೋರಿಸಿದ ಮೇಲೇ ಅಮ್ಮ ಸಮಾಧಾನವಾಗಿದ್ದು.

ಅಪ್ಪ ಮೊದಲ ವಾರ ರಾತ್ರಿಗೆ ಎರಡು ಗಂಟೆ ಹಾಕಿಕೊಂಡರು. ಈಗ ನಾಲ್ಕೂವರೆ, ಐದು. ಪೂರ್ತಿ ರಾತ್ರಿ ಇನ್ನೂ ಆಗಿಲ್ಲ. ಬಿಪಿ ಎಷ್ಟು ಇಳಿಯುತ್ತದೋ ಡಾಕ್ಟರು ನೋಡುತ್ತಿದ್ದಾರೆ. ಪೇಪರ್ ಮಾತ್ರ ಈಗ ಕೊನೇ ಪುಟದವರೆಗೂ ಓದುತ್ತಾರೆ, ಓದಿದ್ದನ್ನು ನನಗೆ ಫೋನ್ ಮಾಡಿ ಹೇಳುತ್ತಾರೆ.

ನೀವು ಮಾಡಿಸುವುದಾದರೆ

ಎಲ್ಲರಿಗೂ ಸಿಪ್ಯಾಪ್ ಬೇಕಾಗಲ್ಲ. ಸೌಮ್ಯವಾಗಿದ್ದರೆ ತೂಕ ಇಳಿಸೋದು, ಮಗ್ಗುಲಾಗಿ ಮಲಗೋದು, ಮಲಗುವ ಮುಂಚೆ ಮದ್ಯ ಬಿಡೋದು ಸಾಕಾಗಬಹುದು. ಕೆಲವರಿಗೆ ದವಡೆ ಮುಂದೆ ಹಿಡಿಯುವ ಸಾಧನ, ಕೆಲವರಿಗೆ ಆಪರೇಷನ್. ಅದನ್ನು ಹೇಳಬೇಕಾದವರು ನಿದ್ದೆಯ ಡಾಕ್ಟರು, ಇಎನ್‌ಟಿ ಅಥವಾ ಶ್ವಾಸಕೋಶದ ತಜ್ಞರು.

ಮಷೀನು ಬಂದರೆ, ಬಂದ ದಿನವೇ ಟೇಪು ಹಿಡಿಯಿರಿ. ಹಾಸಿಗೆಯ ಎತ್ತರ ಅಳೆದು ಮಷೀನನ್ನು ಅದಕ್ಕಿಂತ ಕೆಳಗಿಡಿ. ಹಿಂಬದಿ ತೆರೆದಿರಲಿ. ನೀರಿನ ಡಬ್ಬಿ ಎಳೆಯೋಕೆ, ಪೈಪು ಬಾಗೋಕೆ ಜಾಗ ಬಿಡಿ. ಪ್ಲಗ್ಗು ನೀರಿಗಿಂತ ಮೇಲಿರಲಿ. ಪೈಪನ್ನು ತಲೆಯ ಮೇಲಿನಿಂದ ತನ್ನಿ. ರಟ್ಟಿನಲ್ಲಿ ಮಾಡಿ, ಮಲಗಿ ನೋಡಿ, ಆಮೇಲೆ ಬಡಗಿಗೆ ಹೇಳಿ. ಮರದ ಕೆಲಸವೇ ಬೇಡ ಅಂದರೂ ಅಡ್ಡಿಯಿಲ್ಲ, ಒಂದು ತಗ್ಗಿನ ಮಣೆ, ಒಂದು ಸ್ಟೀಲ್ ತಟ್ಟೆ ಮತ್ತು ಒಂದು ಕೊಕ್ಕೆಯಿಂದಲೇ ಶುರು ಮಾಡಬಹುದು.

ಇನ್ನೂ ಪರೀಕ್ಷೆಯನ್ನೇ ಮಾಡಿಸದವರಿಗೆ ಒಂದು ಮಾತು. ನಿಮ್ಮ ಮನೆಯಲ್ಲಿ ಜೋರಾಗಿ ಗೊರಕೆ ಹೊಡೆಯುವವರು ಇದ್ದರೆ ಒಂದು ರಾತ್ರಿ ಹತ್ತು ನಿಮಿಷ ಎಚ್ಚರ ಇದ್ದು ಕೇಳಿಸಿಕೊಳ್ಳಿ. ಗೊರಕೆ ಎಷ್ಟು ಜೋರು ಅನ್ನೋದನ್ನು ಬಿಡಿ. ಅದು ನಡುನಡುವೆ ನಿಲ್ಲುತ್ತಾ, ನಿಂತು ಎಷ್ಟು ಸೆಕೆಂಡಿಗೆ ಮತ್ತೆ ಶುರುವಾಗುತ್ತೆ ಅಂತ ಎಣಿಸಿ. ಎಣಿಕೆ ಹತ್ತು ದಾಟಿದರೆ ಬೆಳಗ್ಗೆ ಅವರಿಗೆ ಹೇಳಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.